ಬಿಸಿನೆಸ್ ಸ್ಕೂಲಿನವರು ನಗರದ ನಡುವೆ ಉದ್ಯಮ ಕೇಂದ್ರ ತೆರೆಯುತ್ತಿದ್ದಾರೆ, ನನ್ನಂಥ ಹೊರಗಿನವರಿಗೆ ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ ಕ್ಯಾಂಪಸ್ ಬಿಟ್ಟು, ಅಂಗಡಿ-ಆಫೀಸುಗಳ ನಡುವೆ ಹೊಸ ಉದ್ಯಮಿಗಳಿಗೆ ಒಂದು ಕೇಂದ್ರ ತೆರೆಯುತ್ತಿದೆ. ನೀವು ಅಲ್ಲಿಯ ವಿದ್ಯಾರ್ಥಿ ಅಲ್ಲ, ಆದರೆ ಕೈಯಲ್ಲೊಂದು ಐಡಿಯಾ ಇದೆ. ಸೇರಬೇಕಾ, ಅಥವಾ ಇದೆಲ್ಲ ಸುಮ್ನೆ ಪ್ರಚಾರವಾ ಅಂತ ಕೇಳಿದ್ದೀರಿ.

ಇಂಥದ್ದೇ ಒಂದು ಕೇಂದ್ರದಲ್ಲಿ ನಾನು ಎರಡು ವರ್ಷ ಕೂತಿದ್ದೇನೆ. ಅಲ್ಲಿ ಶುರು ಮಾಡಿದ ಕಂಪನಿ ಈಗ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಹೋಗಿ ನೋಡಿ ಅಂತಲೇ ನನ್ನ ಸಲಹೆ. ಸೇರುವ ಮುಂಚೆ ಮಾತ್ರ ಅಲ್ಲಿ ಯಾರು ಬಂದು ಹೋಗುತ್ತಾರೆ ಅಂತ ಒಂದೆರಡು ದಿನ ಗಮನಿಸಿ.

ಯಾಕೆ ಅಂದರೆ, ನಾವು ಮೂವರು ಎಂಬಿಎ ಓದುವಾಗ ಸಣ್ಣ ಅಂಗಡಿಗಳಿಗೆ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಎಂಟು ತಿಂಗಳು ಕ್ಯಾಂಪಸ್ಸಿನಲ್ಲೇ ಕೂತು ಮಾಡಿದೆವು. ತೋರಿಸುತ್ತಿದ್ದುದು ಸಹಪಾಠಿಗಳಿಗೆ. ಎಲ್ಲರೂ ಚೆನ್ನಾಗಿದೆ ಅಂದರು. ಅವರಲ್ಲಿ ಒಬ್ಬರಿಗೂ ಅಂಗಡಿ ಇರಲಿಲ್ಲ ಅನ್ನೋದು ನಮ್ಮ ತಲೆಗೇ ಹೊಳೆದಿರಲಿಲ್ಲ! ಆಮೇಲೆ ನಗರದ ಕೇಂದ್ರಕ್ಕೆ ಬಂದೆವು. ಎರಡನೇ ವಾರ ಪಕ್ಕದ ಹಾರ್ಡ್‌ವೇರ್ ಅಂಗಡಿಯವರಿಗೆ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: 'ನನ್ನ ಅಂಗಡಿಯಲ್ಲಿ ಏನಿದೆ ಅಂತ ನನಗೆ ಗೊತ್ತು. ಯಾರ ಹತ್ತಿರ ಎಷ್ಟು ಬಾಕಿ ಬರಬೇಕು ಅನ್ನೋದೇ ತಲೆನೋವು.' ಎಂಟು ತಿಂಗಳ ಕೆಲಸ ಹತ್ತು ನಿಮಿಷದಲ್ಲಿ ತಲೆಕೆಳಗಾಯಿತು. ಬಾಕಿ ವಸೂಲಿಯ ಲೆಕ್ಕ ಮಾಡಿಕೊಟ್ಟ ಮೇಲೆಯೇ ನಮಗೆ ದುಡ್ಡು ಕೊಡುವ ಗಿರಾಕಿ ಸಿಕ್ಕಿದ್ದು.

ಆ ಅಂಗಡಿ ಕ್ಯಾಂಪಸ್ಸಿನಿಂದಲೂ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲೇ ಇತ್ತು. ನಾವು ಹೋಗಿರಲಿಲ್ಲ, ಅಷ್ಟೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ಥಾಮಸ್ ಅಲೆನ್ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ್ದರು. ಒಂದೇ ಸಂಸ್ಥೆಯ ಎಂಜಿನಿಯರುಗಳೇ ಆದರೂ, ಮೇಜುಗಳ ನಡುವೆ ಸುಮಾರು 50 ಮೀಟರ್ ದಾಟಿತು ಅಂದರೆ ಕೆಲಸದ ಮಾತುಕತೆ ತೀರಾ ಕಮ್ಮಿಯಾಗುತ್ತದೆ. ಜೊತೆಗೆ ಕೆಲಸ ಮಾಡುವವರ ಕಥೆಯೇ ಹೀಗಾದರೆ ಗುರುತಿಲ್ಲದ ಗಿರಾಕಿ ಕ್ಯಾಂಪಸ್ ಹುಡುಕಿಕೊಂಡು ಬರುತ್ತಾನಾ? ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್, ವಿಜ್ಞಾನಿಗಳಿಗೆ ಉದ್ಯಮ ಕಲಿಸಲು 2011ರಲ್ಲಿ ಶುರು ಮಾಡಿದ ಐ-ಕೋರ್ ಕಾರ್ಯಕ್ರಮದಲ್ಲಿ ಪ್ರತಿ ತಂಡವೂ ಕೆಲವೇ ವಾರಗಳಲ್ಲಿ ಗಿರಾಕಿಗಳಾಗಬಹುದಾದ ಸುಮಾರು 100 ಜನರನ್ನು ಮಾತಾಡಿಸಬೇಕು. ವಿಜ್ಞಾನಿಗಳನ್ನೂ ಹೀಗೆ ಬೀದಿಗೆ ಅಟ್ಟುತ್ತಾರೆ ನೋಡಿ.

ಇಂಥ ಕೇಂದ್ರಗಳನ್ನು ಇನ್‌ಕ್ಯುಬೇಟರ್ ಅಂತಾರಲ್ಲ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಆ ಹೆಸರಿನ ಹಿಂದೆ ನಿಜವಾಗಿಯೂ ಕೋಳಿಮರಿಗಳಿವೆ. ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಅನ್ನೋ ಸಣ್ಣ ಊರಲ್ಲಿ ಕೃಷಿ ಯಂತ್ರಗಳ ದೊಡ್ಡ ಕಾರ್ಖಾನೆ ಮುಚ್ಚಿತ್ತು. ಜೋಸೆಫ್ ಮನ್‌ಕುಸೊ ಕುಟುಂಬದವರು ಕಟ್ಟಡ ಕೊಂಡರು. ಇಡೀ ಕಟ್ಟಡಕ್ಕೆ ಒಬ್ಬನೇ ಬಾಡಿಗೆದಾರ ಸಿಗಲಿಲ್ಲ. 1959ರಲ್ಲಿ ತುಂಡು ತುಂಡಾಗಿ ಬಾಡಿಗೆಗೆ ಕೊಡಲು ಶುರು ಮಾಡಿದರು. ಬಂದವರಲ್ಲಿ ಕೋಳಿಮರಿ ಕಂಪನಿಯೂ ಒಂದು. ಅದನ್ನು ನೋಡಿ ಮನ್‌ಕುಸೊ ತಮಾಷೆಗೆ ಇನ್‌ಕ್ಯುಬೇಟರ್ ಅಂದರು, ಹೆಸರು ಅಂಟಿಕೊಂಡಿತು. ನನಗೆ ಈ ಕಥೆ ಇಷ್ಟವಾಗೋದು ಅಲ್ಲಿ ಬೇರೆ ಬೇರೆ ಕಸುಬಿನವರು ಒಂದೇ ಸೂರಿನಡಿ ಇದ್ದರಲ್ಲ, ಅದಕ್ಕೆ. ಬಿಸಿನೆಸ್ ಸ್ಕೂಲ್ ನಡೆಸುವ ಕೇಂದ್ರದಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಜಾಗ ಮಾತ್ರ ನಗರದ್ದು, ಒಳಗೆ ಕೂತಿರುವವರೆಲ್ಲ ಅದೇ ಎಂಬಿಎ ಮಂದಿ.

ಸ್ಕೂಲಿನಿಂದ ಲಾಭವೂ ಇದೆ. ಹಳೇ ವಿದ್ಯಾರ್ಥಿಗಳ ಪರಿಚಯ ಸಿಗುತ್ತದೆ, ಲೆಕ್ಕಪತ್ರ ನೋಡಿಕೊಡುವ ಪ್ರೊಫೆಸರ್ ಸಿಗುತ್ತಾರೆ. ಮಾರ್ಕೆಟ್ ಸರ್ವೆಗೆ ವಿದ್ಯಾರ್ಥಿಗಳೂ ಸಿಗುತ್ತಾರೆ, ಆದರೆ ಪರೀಕ್ಷೆ ಹತ್ತಿರ ಬಂದ ಕೂಡಲೇ ಮಾಯ. ಸಲಹೆ ಕೊಡಲು ಬರುವ ಮೆಂಟರುಗಳ ವಿಷಯ ಕೇಳಬೇಡಿ. ಸೋಮವಾರ ಬಂದವರು ಬೆಲೆ ಏರಿಸಿ ಅನ್ನುತ್ತಾರೆ, ಗುರುವಾರ ಬಂದವರು ಪುಕ್ಕಟೆ ಕೊಡಿ ಅನ್ನುತ್ತಾರೆ.

ನಮಗೆ ಪೆಟ್ಟು ಬಿದ್ದಿದ್ದು ಕಾಗದಪತ್ರದಲ್ಲಿ. ಸೇರುವ ದಿನ ಕೊಟ್ಟ ಒಪ್ಪಂದವನ್ನು ಓದದೆ ಸಹಿ ಹಾಕಿದ್ದೆವು. ನಮ್ಮ ಸಾಫ್ಟ್‌ವೇರಿನ ಒಂದು ಭಾಗಕ್ಕೆ ಪ್ರೊಫೆಸರ್ ಒಬ್ಬರ ಲ್ಯಾಬಿನ ಕೋಡ್ ಬಳಸಿದ್ದೆವು. ಮುಂದೆ ಹೂಡಿಕೆದಾರರೊಬ್ಬರು ಬಂದು 'ಈ ಕೋಡ್ ಯಾರದ್ದು?' ಅಂತ ಕೇಳಿದರು. ಉತ್ತರ ಸಿಗೋಕೆ ನಾಲ್ಕು ತಿಂಗಳು ಹಿಡಿಯಿತು, ಅಷ್ಟರಲ್ಲಿ ಅವರು ಹೊರಟುಹೋಗಿದ್ದರು. ಇದು ಎಲ್ಲೆಡೆಯೂ ಕೇಳಲೇಬೇಕಾದ ಪ್ರಶ್ನೆ. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆ ಬಂದ ಮೇಲೆ, ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯಿಂದ ಬಂದ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು. ಲ್ಯಾಬು, ಪ್ರೊಫೆಸರ್, ವಿದ್ಯಾರ್ಥಿ, ಇವರಲ್ಲಿ ಯಾರು ಕೈ ಹಾಕಿದರೆ ಹಕ್ಕು ಎಲ್ಲಿಗೆ ಹೋಗುತ್ತದೆ ಅಂತ ಬರವಣಿಗೆಯಲ್ಲೇ ತಗೊಳ್ಳಿ. ಕಂಪನಿಯಲ್ಲಿ ಪಾಲು ಕೇಳುತ್ತಾರಾ ಅನ್ನೋದನ್ನೂ ನೋಡಿ.

ಉದ್ಘಾಟನೆಯ ದಿನ ಹೋಗಬೇಡಿ, ಅವತ್ತು ಎಲ್ಲ ಕಡೆಯೂ ಜನ ಇರುತ್ತಾರೆ. ಎರಡು ತಿಂಗಳು ಬಿಟ್ಟು ಒಂದು ಮಂಗಳವಾರ ಮಧ್ಯಾಹ್ನ ಹೋಗಿ. ಅಲ್ಲಿ ಕೂತವರಿಗೆ ಹೋದ ವಾರ ಯಾವ ಗಿರಾಕಿ ಜೊತೆ ಮಾತಾಡಿದಿರಿ ಅಂತ ಕೇಳಿ. ಹೊರಗಿನವರಿಗೂ ರಾತ್ರಿ, ರಜೆಯ ದಿನ ಬಾಗಿಲು ತೆರೆದಿರುತ್ತದಾ ಅಂತಲೂ ವಿಚಾರಿಸಿ. ನಮ್ಮ ಕೇಂದ್ರಕ್ಕೆ ಸೆಮಿಸ್ಟರ್ ರಜೆಯಲ್ಲಿ ಬೀಗ ಬೀಳುತ್ತಿತ್ತು, ಅಂಗಡಿಯವರು ಸಾಫ್ಟ್‌ವೇರ್ ಕೆಟ್ಟಿದೆ ಅಂತ ಫೋನ್ ಮಾಡುತ್ತಿದ್ದುದು ಸರಿಯಾಗಿ ಆಗಲೇ.