ಹಿತ್ತಲಿನ ಕೋಳಿಗಳನ್ನು ಈಗಲೇ ಕೊಯ್ಯಬೇಕಿಲ್ಲ

ಹಕ್ಕಿಜ್ವರದ ಸುದ್ದಿ ಕೇಳಿ, ಹಿತ್ತಲಿನ ಎಂಟು ಕೋಳಿಗಳನ್ನು ಕೊಯ್ದುಬಿಡೋಣವೇ, ಮೊಟ್ಟೆ ತಿನ್ನಬಹುದೇ ಎಂದು ಕೇಳಿದ್ದೀರಿ. ಕೋಳಿಗಳು ಲವಲವಿಕೆಯಿಂದಿದ್ದರೆ ಕೊಯ್ಯುವ ಅಗತ್ಯವಿಲ್ಲ. ಕಾಯಿಲೆ ಬಿದ್ದದ್ದನ್ನಂತೂ ದಯವಿಟ್ಟು ಕೊಯ್ಯಬೇಡಿ. ಹಕ್ಕಿಜ್ವರದ ವೈರಸ್ ಆದ ಎಚ್5ಎನ್1 ಮನುಷ್ಯರಿಗೆ ತಗಲುವ ಅಪಾಯ ಹೆಚ್ಚಿರುವುದೇ ರೋಗದ ಕೋಳಿ ಕೊಯ್ದು ಪುಕ್ಕ ತರಿಯುವಾಗ.

ವೈರಸ್ ಬರುವ ಮುಖ್ಯ ದಾರಿ ಕಾಡುಬಾತುಗಳಂಥ ನೀರುಹಕ್ಕಿಗಳ ಹಿಕ್ಕೆ. ಹಾಗಾಗಿ ಕೋಳಿಗಳನ್ನು ಹೊರಗೆ ಬಿಡದೆ ಗೂಡಿನಲ್ಲೇ ಇಡಿ. ಬರೀ ಬಲೆ ಸಾಲದು, ಮೇಲಿನಿಂದ ಹಿಕ್ಕೆ ಬೀಳದ ಹಾಗೆ ತಗಡೋ ಟಾರ್ಪಾಲೋ ಹೊದಿಸಿ. ಮೇವು, ನೀರು ಒಳಗೇ ಇರಲಿ. ಹೆಚ್ಚಿನವರು ಮರೆಯುವುದು ಚಪ್ಪಲಿಯನ್ನು. ಅಟ್ಟೆಯ ಗೀರುಗಳಲ್ಲಿ ಸಿಕ್ಕಿಕೊಂಡ ಹಿಕ್ಕೆಯ ಚೂರು ಸಾಕು, ವೈರಸ್ ಗೂಡು ಸೇರುತ್ತದೆ. ಗೂಡಿಗೆಂದೇ ಒಂದು ಜೊತೆ ಮೀಸಲಿಡಿ. ಬ್ಲೀಚಿಂಗ್ ನೀರಿಗೆ ಅದ್ದುವ ಮೊದಲು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕೊಳೆ ಉಳಿದರೆ ಕ್ಲೋರಿನ್ನಿನ ಶಕ್ತಿ ಅದರಲ್ಲೇ ಮುಗಿದುಹೋಗುತ್ತದೆ.

ಆರೋಗ್ಯವಾಗಿರುವ ಕೋಳಿಗಳ ಮೊಟ್ಟೆ ತಿನ್ನಬಹುದು, ಹಳದಿ ಪೂರ್ತಿ ಗಟ್ಟಿಯಾಗುವಂತೆ ಬೇಯಿಸಿ. ಮಾಂಸದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಗುಲಾಬಿ ಬಣ್ಣ ಉಳಿಯಬಾರದು. ಫ್ರೀಜರ್ ವೈರಸ್ಸನ್ನು ಕೊಲ್ಲುವುದಿಲ್ಲ, ಕಾಪಾಡುತ್ತದೆ.

ಜುಟ್ಟು ನೀಲಿಗಟ್ಟುವುದು, ತಲೆ ಊದುವುದು, ಒಂದೆರಡು ದಿನದಲ್ಲೇ ಹಲವು ಕೋಳಿ ಸಾಯುವುದು ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಆಮೇಲೆ ಹತ್ತು ದಿನದೊಳಗೆ ನಿಮಗೆ ಜ್ವರ, ಕೆಮ್ಮು ಅಥವಾ ಕಣ್ಣುರಿ ಬಂದರೆ, ಕೋಳಿ ಸತ್ತ ವಿಷಯವನ್ನೇ ವೈದ್ಯರಿಗೆ ಮೊದಲು ಹೇಳಿ.