ಮನೆಯಲ್ಲೇ ಜಲವರ್ಣ ಕಲಿಯುವುದಾದರೆ ಹಣ ಕಾಗದಕ್ಕೆ, ಮೊದಲ ತಿಂಗಳು ಪೆನ್ಸಿಲ್ಲಿಗೆ

ಶಾಲೆ ಬಿಟ್ಟ ಮೇಲೆ ಚಿತ್ರ ಬರೆದಿಲ್ಲ, ತರಗತಿಗೆ ಸೇರುವ ಅನುಕೂಲವಿಲ್ಲ, ಕೈಯಲ್ಲಿ ಎರಡು ಸಾವಿರ ರೂಪಾಯಿಯೂ ದಿನಕ್ಕೆ ಅರ್ಧ ಗಂಟೆಯೂ ಇದೆ, ಇಷ್ಟರಲ್ಲಿ ಮನೆಯಲ್ಲಿಯೇ ಜಲವರ್ಣ ಕಲಿಯಲು ಸಾಧ್ಯವೇ, ಸಾಧ್ಯವಿದ್ದರೆ ಮೊದಲು ಏನನ್ನು ಕೊಳ್ಳಬೇಕು, ಏನನ್ನು ಬರೆಯಬೇಕು ಎಂದು ನೀವು ಕೇಳಿದ್ದೀರಿ. ಖಂಡಿತ ಸಾಧ್ಯ. ನಾನು ಕಲಾಶಾಲೆಯಲ್ಲಿ ಓದಿದವನಲ್ಲ. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಊಟದ ಮೇಜಿನ ಒಂದು ಮೂಲೆಯಲ್ಲಿ ಆರಂಭಿಸಿದೆ. ಆಗ ಯಾರಾದರೂ ಹೇಳಿದ್ದರೆ ನನಗೆ ಉಪಕಾರವಾಗುತ್ತಿತ್ತು ಎನ್ನಿಸುವ ಸಂಗತಿಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಕಾಗದದ ವಿಷಯ. ನಾನು ಅಂಗಡಿಗೆ ಹೋದಾಗ ಇಪ್ಪತ್ತನಾಲ್ಕು ಬಣ್ಣಗಳ ಪೆಟ್ಟಿಗೆಯನ್ನೂ ಆರೇಳು ಬ್ರಷ್‌ಗಳ ಕಟ್ಟನ್ನೂ ಕೊಂಡು, ಕಾಗದಕ್ಕೆ ಮಾತ್ರ ಮಕ್ಕಳ ಡ್ರಾಯಿಂಗ್ ಪುಸ್ತಕವೇ ಸಾಕೆಂದುಕೊಂಡೆ. ನೀರು ಬಿದ್ದ ಕೂಡಲೇ ಆ ಹಾಳೆ ಅಲೆಅಲೆಯಾಗಿ ಉಬ್ಬುತ್ತಿತ್ತು, ಬಣ್ಣ ಹಳ್ಳಗಳಲ್ಲಿ ನಿಲ್ಲುತ್ತಿತ್ತು, ಎರಡನೆಯ ಸಲ ಬ್ರಷ್ ಎಳೆದರೆ ಮೇಲ್ಪದರವೇ ಸಣ್ಣ ಸಣ್ಣ ಉಂಡೆಗಳಾಗಿ ಕಿತ್ತು ಬರುತ್ತಿತ್ತು. ತಪ್ಪು ನನ್ನ ಕೈಯದೆಂದೇ ನಂಬಿ ಆರು ತಿಂಗಳು ಕಳೆದೆ. ಆಮೇಲೆ ಒಬ್ಬ ಹಿರಿಯರು ಅಂಗೈಯಗಲದ ಒಳ್ಳೆಯ ಕಾಗದದ ತುಂಡೊಂದನ್ನು ಕೊಟ್ಟರು. ಅದೇ ಬಣ್ಣ, ಅದೇ ಬ್ರಷ್, ಅದೇ ಕೈ. ಬಣ್ಣ ಮಾತ್ರ ಸಮನಾಗಿ ಹರಡಿ ಕುಳಿತಿತು. ಜಲವರ್ಣದಲ್ಲಿ ಅರ್ಧ ಕೆಲಸವನ್ನು ಮಾಡುವುದು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಕಾಗದ. ಹಾಗಾಗಿ ನಿಮ್ಮ ಎರಡು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಾಗದಕ್ಕೇ ಇಡಿ ಎಂದು ಒತ್ತಿ ಹೇಳುತ್ತೇನೆ.

ಕೇಳಿ ಕೊಳ್ಳಬೇಕಾದದ್ದು 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ) ತೂಕದ, ಕೋಲ್ಡ್ ಪ್ರೆಸ್ ಎಂದು ಕರೆಯುವ, ಸ್ವಲ್ಪ ತರಿತರಿಯಾದ ಮೈಯುಳ್ಳ ಜಲವರ್ಣದ ಕಾಗದ. ಹತ್ತಿಯಿಂದ ಮಾಡಿದ್ದಾದರೆ ಉತ್ತಮ. ದುಬಾರಿ ಎನಿಸಿದರೆ ಅಭ್ಯಾಸಕ್ಕೆ ಮರದ ತಿರುಳಿನದನ್ನೂ ಸ್ವಲ್ಪ ಇಟ್ಟುಕೊಳ್ಳಿ. ಪುಸ್ತಕದ ರೂಪದಲ್ಲಿ ಕೊಳ್ಳುವುದಕ್ಕಿಂತ ಬಿಡಿ ಹಾಳೆ ಸಾಮಾನ್ಯವಾಗಿ ಅಗ್ಗ. 22×30 ಅಂಗುಲದ ಒಂದು ಪೂರ್ಣ ಹಾಳೆಯನ್ನು ಮಡಿಸಿ ಕತ್ತರಿಸಿದರೆ 11×7.5 ಅಂಗುಲದ ಎಂಟು ತುಂಡುಗಳು ಸಿಗುತ್ತವೆ, ಮತ್ತೊಮ್ಮೆ ಅರ್ಧ ಮಾಡಿದರೆ ಹದಿನಾರು. ಆರಂಭಕ್ಕೆ ಈ ಚಿಕ್ಕ ಅಳತೆಯೇ ಸರಿ, ಅರ್ಧ ಗಂಟೆಯಲ್ಲಿ ಮುಗಿಯುವುದೂ ಅಷ್ಟೇ. ಒಂದು ತುಂಡಿನ ಹಿಂಬದಿಯನ್ನೂ ಬಳಸಿ. ಒಳ್ಳೆಯ ಕಾಗದವನ್ನು ಹಾಳು ಮಾಡುತ್ತೇನೆಂಬ ಭಯ ಎಲ್ಲರನ್ನೂ ಕಾಡುತ್ತದೆ, ಹಿಂಬದಿಯಲ್ಲಿ ಆ ಭಯ ಇರುವುದಿಲ್ಲ.

ಬಣ್ಣಕ್ಕೆ ಐದು ಟ್ಯೂಬುಗಳು ಸಾಕು: ಲೆಮನ್ ಯೆಲ್ಲೋ, ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಬೆರೆತ ಕಂದು). ನಮ್ಮ ಪೇಟೆಗಳಲ್ಲಿ ಸಿಗುವ ವಿದ್ಯಾರ್ಥಿ ದರ್ಜೆಯ ಬಣ್ಣವೇ ಮೊದಲ ವರ್ಷಕ್ಕೆ ಆಗುತ್ತದೆ. ಕಪ್ಪನ್ನು ಕೊಳ್ಳಬೇಡಿ, ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಎರಡನ್ನೂ ಗಟ್ಟಿಯಾಗಿ ಕಲಸಿದರೆ ಅದಕ್ಕಿಂತ ಜೀವವಿರುವ ಗಾಢ ಬಣ್ಣ ಬರುತ್ತದೆ. ಬಿಳಿಯೂ ಸದ್ಯಕ್ಕೆ ಬೇಡ, ಏಕೆಂದರೆ ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ತಾಗದೆ ಬಿಟ್ಟ ಕಾಗದ. ತುದಿ ಚೂಪಾಗಿ ಕೂಡಿಕೊಳ್ಳುವ 8ನೆಯ ನಂಬರಿನ ಒಂದು ದುಂಡು ಬ್ರಷ್, 4ನೆಯ ನಂಬರಿನ ಇನ್ನೊಂದು ಇದ್ದರಾಯಿತು. ಬಣ್ಣ ಕಲಸಲು ಮನೆಯ ಬಿಳಿ ಪಿಂಗಾಣಿ ತಟ್ಟೆ, ನೀರಿಗೆ ಎರಡು ಲೋಟ (ಒಂದು ತೊಳೆಯಲು, ಒಂದು ಶುದ್ಧ ನೀರಿಗೆ), ಒರೆಸಲು ಹಳೆಯ ಹತ್ತಿ ಬಟ್ಟೆ, ಕಾಗದವನ್ನು ಅಂಟಿಸಲು ಮಕ್ಕಳ ಪರೀಕ್ಷೆಯ ರಟ್ಟು ಮತ್ತು ಮಾಸ್ಕಿಂಗ್ ಟೇಪು. ಬ್ರಷ್ಷನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಎದ್ದುಹೋಗಬೇಡಿ. ತುದಿ ಬಾಗಿಹೋಗುತ್ತದೆ, ಲೋಹದ ಕೊಳವೆಯೊಳಗಿನ ಅಂಟೂ ಸಡಿಲವಾಗುತ್ತದೆ.

ಇಷ್ಟೆಲ್ಲ ತಂದಿಟ್ಟ ಮೇಲೆ, ಬಣ್ಣವನ್ನು ಒಂದು ತಿಂಗಳು ಮುಟ್ಟಬೇಡಿ ಎಂದು ಹೇಳಿದರೆ ನಿಮಗೆ ನಿರಾಸೆಯಾಗಬಹುದು. ಆದರೆ ಮನೆಯಲ್ಲಿ ಒಬ್ಬರೇ ಕಲಿಯುವವರು ಅರ್ಧದಲ್ಲಿ ಕೈಬಿಡುವುದಕ್ಕೆ ದೊಡ್ಡ ಕಾರಣ, ಆಕಾರ, ನೆರಳು, ಬಣ್ಣ, ನೀರು ಈ ನಾಲ್ಕನ್ನೂ ಒಂದೇ ದಿನ ಒಟ್ಟಿಗೆ ಸಂಭಾಳಿಸಲು ಹೋಗುವುದು ಎಂಬುದು ನನ್ನ ನಂಬಿಕೆ. ಮೊದಲ ಎರಡನ್ನು ಪೆನ್ಸಿಲ್ಲಿನಿಂದ ಕಲಿತರೆ ಮುಂದಿನ ಎರಡಕ್ಕೆ ಗಮನ ಉಳಿಯುತ್ತದೆ. ಒಂದು 2ಬಿ, ಅದಕ್ಕಿಂತ ಮೆತ್ತಗಿದ್ದು ಕಪ್ಪಾಗಿ ಬರೆಯುವ ಒಂದು 6ಬಿ ಪೆನ್ಸಿಲ್ ಮತ್ತು ಸಾಧಾರಣ ಬಿಳಿ ಕಾಗದ ಇದಕ್ಕೆ ಸಾಕು.

ಬರೆಯುವುದಕ್ಕೆ ಮೊಸರು ಮಾರುವ ಮಣ್ಣಿನ ಕುಡಿಕೆಯೊಂದನ್ನು ಆರಿಸಿಕೊಳ್ಳಿ. ಸ್ಟೀಲ್ ಚೊಂಬು ಬೇಡ, ಅದರ ಮೈಯಲ್ಲಿ ಇಡೀ ಅಡುಗೆಮನೆ ಪ್ರತಿಫಲಿಸುತ್ತಿರುತ್ತದೆ, ಹೊಸಬರಿಗೆ ಅದು ಬಹಳ ಕಷ್ಟ. ಕುಡಿಕೆಯನ್ನು ಮೇಜಿನ ಮೇಲೆ, ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬೀಳುವಂತೆ ಇಟ್ಟು, ತಲೆಯ ಮೇಲಿನ ದೀಪವನ್ನು ಆರಿಸಿ. ಉತ್ತರದ ಕಿಟಕಿಯ ಬೆಳಕು ಸ್ಥಿರವಾಗಿರುತ್ತದೆ ಎಂದು ಯುರೋಪಿನ ಪುಸ್ತಕಗಳೆಲ್ಲ ಹೇಳುತ್ತವೆ. ಅದು ನಮ್ಮಲ್ಲಿಯೂ ವರ್ಷದ ಬಹುಭಾಗಕ್ಕೆ ನಿಜ. ಆದರೆ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿರುವುದರಿಂದ ಮೇ, ಜೂನ್, ಜುಲೈ ತಿಂಗಳುಗಳ ಬಹುಪಾಲು ದಿನ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕೆ ಇರುತ್ತಾನೆ. ಆ ದಿನಗಳಲ್ಲಿ ಕಿಟಕಿಗೆ ತೆಳುವಾದ ಬಿಳಿ ಪಂಚೆಯನ್ನು ಇಳಿಬಿಟ್ಟರೆ ಬೆಳಕು ಮೃದುವಾಗುತ್ತದೆ.

ಈಗ ಕುಡಿಕೆಯ ಬಾಯಿಯನ್ನು ನೋಡಿ. ಅದು ವೃತ್ತವೆಂದು ನಮಗೆ ಗೊತ್ತು; ಆದರೆ ಕುಳಿತಲ್ಲಿಂದ ಕಾಣುವುದು ಅಡ್ಡಲಾಗಿ ಚಪ್ಪಟೆಯಾದ ದೀರ್ಘವೃತ್ತ. ಹೊಸಬರ ಕೈ ಅದರ ಎರಡು ತುದಿಗಳನ್ನು ಕಣ್ಣಿನ ಮೂಲೆಯಂತೆ ಚೂಪು ಮಾಡಿಬಿಡುತ್ತದೆ. ದೀರ್ಘವೃತ್ತಕ್ಕೆ ಎಲ್ಲಿಯೂ ಮೂಲೆಯಿಲ್ಲ, ತುದಿಯಲ್ಲಿಯೂ ಗೆರೆ ದುಂಡಗೆ ತಿರುಗಿಯೇ ಹೋಗುತ್ತದೆ. ಇನ್ನು ತಳ. ಕುಡಿಕೆ ಮೇಜಿನ ಮೇಲೆ ಸಮನಾಗಿ ಕುಳಿತಿದೆ ಎಂಬ ತಿಳಿವಳಿಕೆಯಿಂದ ನಾವು ತಳಕ್ಕೆ ನೇರವಾದ ಗೆರೆ ಎಳೆಯುತ್ತೇವೆ. ನಿಜವಾಗಿ ನೋಡಿದರೆ ತಳದ ಗೆರೆ ಬಾಯಿಯ ಗೆರೆಗಿಂತಲೂ ಹೆಚ್ಚು ಬಾಗಿರುತ್ತದೆ, ಏಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ನನಗೆ ಇದು ಕಂಡದ್ದು ಹನ್ನೊಂದನೆಯ ಕುಡಿಕೆಯನ್ನು ಬರೆಯುವಾಗ. ಅಲ್ಲಿಯವರೆಗಿನ ಹತ್ತೂ ಗಾಳಿಯಲ್ಲಿ ತೇಲುತ್ತಿದ್ದಂತೆ ಏಕೆ ಕಾಣುತ್ತಿದ್ದವು ಎಂಬುದು ಆ ಕ್ಷಣ ಅರ್ಥವಾಯಿತು. ಗೊತ್ತಿರುವುದನ್ನು ಬದಿಗಿಟ್ಟು ಕಾಣುವುದನ್ನು ಬರೆಯುವ ಈ ಅಭ್ಯಾಸಕ್ಕೇ ಒಂದು ತಿಂಗಳು ಬೇಕು ಎಂದು ನಾನು ಹೇಳುತ್ತಿರುವುದು.

ಗೆರೆ ನಡುಗುತ್ತದೆ ಎಂಬ ಚಿಂತೆ ನಿಮ್ಮ ಪ್ರಶ್ನೆಯಲ್ಲಿದೆ. ನಿಮ್ಮ ಮನೆಯಲ್ಲಿ ರಂಗೋಲಿ ಹಾಕುವವರಿದ್ದರೆ ಅವರ ಕೈಯನ್ನು ಗಮನಿಸಿ. ಬೆರಳುಗಳು ಪುಡಿಯನ್ನು ಬಿಡುತ್ತವೆಯೇ ಹೊರತು ಗೆರೆಯನ್ನು ಎಳೆಯುವುದಿಲ್ಲ. ಎಳೆಯುವುದು ಭುಜದಿಂದ ಬರುವ ಇಡೀ ತೋಳು, ಅದಕ್ಕೇ ಚುಕ್ಕಿಗಳ ಸುತ್ತ ಬಳಸಿ ಬರುವ ಉದ್ದನೆಯ ಎಳೆ ಎಲ್ಲಿಯೂ ಅಳುಕುವುದಿಲ್ಲ. ನಾವೋ ಪೆನ್ಸಿಲ್ ಹಿಡಿದ ಕೂಡಲೇ ಅಕ್ಷರ ಬರೆಯುವವರಂತೆ ಮಣಿಕಟ್ಟನ್ನು ಕಾಗದಕ್ಕೆ ಒತ್ತಿಬಿಡುತ್ತೇವೆ. ಪೆನ್ಸಿಲ್ಲನ್ನು ತುದಿಯಿಂದ ದೂರ ಹಿಡಿದು, ಮಣಿಕಟ್ಟನ್ನು ಎತ್ತಿ, ದಿನಕ್ಕೆ ಐದು ನಿಮಿಷ ಹಳೆಯ ದಿನಪತ್ರಿಕೆಯ ಮೇಲೆ ದೊಡ್ಡ ದೀರ್ಘವೃತ್ತಗಳನ್ನು ಸುತ್ತಿರಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996) ನರ್ತಕರನ್ನೂ ವಾದಕರನ್ನೂ ಬರೆದ ರೇಖಾಚಿತ್ರಗಳನ್ನು ಎಲ್ಲಿಯಾದರೂ ಹುಡುಕಿ ನೋಡಿ. ಬೆರಳೆಣಿಕೆಯ ಗೆರೆಗಳಲ್ಲಿ ದೇಹದ ತೂಕ ಯಾವ ಕಾಲಿನ ಮೇಲಿದೆ ಎಂಬುದೂ ತಿಳಿಯುತ್ತದೆ.

ನೆರಳಿಗೆ ಒಂದು ಸರಳ ಉಪಾಯವಿದೆ. ಕಣ್ಣನ್ನು ಅರ್ಧ ಮುಚ್ಚಿ ಕುಡಿಕೆಯನ್ನು ನೋಡಿದರೆ ಸಣ್ಣಪುಟ್ಟ ವಿವರಗಳು ಅಳಿಸಿ, ಬೆಳಕು, ನಡುಛಾಯೆ, ಕತ್ತಲು ಎಂಬ ಮೂರು ಭಾಗಗಳಷ್ಟೇ ಉಳಿಯುತ್ತವೆ. ಮೂರನ್ನೇ ಬರೆಯಿರಿ. ಅತ್ಯಂತ ಗಾಢವಾದದ್ದು ಕುಡಿಕೆ ಮೇಜನ್ನು ಮುಟ್ಟುವ ಜಾಗದ ಕೂದಲೆಳೆಯಷ್ಟು ನೆರಳು. ಅದನ್ನು 6ಬಿಯಿಂದ ಧೈರ್ಯವಾಗಿ ಒತ್ತಿದರೆ ಕುಡಿಕೆ ಮೇಜಿನ ಮೇಲೆ ಬಂದು ಕೂರುತ್ತದೆ.

ಎರಡನೆಯ ತಿಂಗಳಿಗೆ ಬಣ್ಣಕ್ಕೆ ಬನ್ನಿ, ಆದರೆ ಎರಡೇ ಬಣ್ಣಕ್ಕೆ: ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ. ಇವೆರಡರ ಮಿಶ್ರಣದಲ್ಲಿ ನೀಲಿ ಹೆಚ್ಚಾದರೆ ತಣ್ಣನೆಯ ಬೂದು, ಕಂದು ಹೆಚ್ಚಾದರೆ ಬೆಚ್ಚನೆಯ ಬೂದು ಬರುತ್ತದೆ, ನಡುವೆ ನೂರು ಛಾಯೆಗಳಿವೆ. ಮೊದಲು ಕಲಿಯಬೇಕಾದದ್ದು ಒಂದು ಚೌಕವನ್ನು ಒಂದೇ ಛಾಯೆಯಿಂದ ಕಲೆಯಿಲ್ಲದೆ ತುಂಬುವುದು, ಇದನ್ನು ಎಲ್ಲರೂ ವಾಶ್ ಎನ್ನುತ್ತಾರೆ. ರಟ್ಟಿನ ಮೇಲ್ತುದಿಗೆ ಒಂದು ದಪ್ಪ ಪುಸ್ತಕವನ್ನು ಕೊಟ್ಟು ಸ್ವಲ್ಪ ಇಳಿಜಾರು ಮಾಡಿಕೊಳ್ಳಿ. ಬಣ್ಣವನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಮೊದಲು ಕಲಸಿಟ್ಟುಕೊಳ್ಳಿ, ನಡುವೆ ಮುಗಿದರೆ ಅದೇ ಛಾಯೆ ಮತ್ತೆ ಸಿಗುವುದಿಲ್ಲ. ತುಂಬಿದ ಬ್ರಷ್ಷಿನಿಂದ ಮೇಲೆ ಒಂದು ಅಡ್ಡ ಪಟ್ಟಿ ಎಳೆದಾಗ ಅದರ ಕೆಳ ಅಂಚಿನಲ್ಲಿ ಬಣ್ಣದ ನೀರು ಸಾಲಾಗಿ ತೊಟ್ಟಿಕ್ಕಲು ಸಿದ್ಧವಾದಂತೆ ನಿಲ್ಲುತ್ತದೆ. ಮುಂದಿನ ಪಟ್ಟಿ ಆ ನೀರನ್ನು ಮುಟ್ಟುವಂತೆ ಎಳೆಯಿರಿ, ನೀರು ತಾನಾಗಿ ಕೆಳಗಿಳಿದು ಹೊಸ ಅಂಚಿಗೆ ಬಂದು ನಿಲ್ಲುತ್ತದೆ. ಹೀಗೆ ಕೊನೆಯವರೆಗೆ ಇಳಿದು, ಉಳಿದ ನೀರನ್ನು ಹಿಂಡಿದ ಬ್ರಷ್ಷಿನ ತುದಿಯಿಂದ ಹೀರಿ ತೆಗೆಯಿರಿ. ಆಮೇಲೆ ಕೈ ಹಚ್ಚಬೇಡಿ.

ಕೈ ಹಚ್ಚಬಾರದು ಎಂಬುದಕ್ಕೆ ಕಾರಣವಿದೆ. ಕಾಗದ ಹೊಳೆಯುತ್ತಿರುವಷ್ಟು ಹೊತ್ತು ಅದರಲ್ಲಿ ಇನ್ನೊಂದು ಬಣ್ಣವನ್ನು ಸೇರಿಸಬಹುದು, ಅದು ಮೃದುವಾಗಿ ಬೆರೆಯುತ್ತದೆ. ಹೊಳಪು ಮಂಕಾಗಿ ಇನ್ನೂ ಒದ್ದೆಯಿರುವ ಹೊತ್ತು ಅಪಾಯದ್ದು. ಆಗ ನೀರು ಹೆಚ್ಚಿರುವ ಬ್ರಷ್ ತಾಗಿದರೆ ಆ ಹೊಸ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳುತ್ತಾ ಹೋಗಿ, ಒಣಗಿದ ಮೇಲೆ ಹೂಕೋಸಿನ ಅಂಚಿನಂಥ ಗುರುತು ಉಳಿಯುತ್ತದೆ. ಪೂರ್ತಿ ಒಣಗಿತೆಂದು ತಿಳಿಯಲು ಬೆರಳ ಹಿಂಬದಿಯನ್ನು ಮೆಲ್ಲಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ತೇವವಿದೆ ಎಂದರ್ಥ. ಇಂಗ್ಲಿಷ್ ವಿಡಿಯೊಗಳಲ್ಲಿ ಇಷ್ಟು ನಿಮಿಷ ಕಾಯಿರಿ ಎಂದು ಹೇಳುವುದನ್ನು ನಂಬಿಕೊಳ್ಳಬೇಡಿ: ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಪಟ್ಟಿ ಮುಗಿಯುವ ಮೊದಲೇ ಒಣಗುವ ಕಾಗದ, ಜುಲೈ ತಿಂಗಳ ಆಗುಂಬೆಯಲ್ಲಿ ಒಂದು ಗಂಟೆಯಾದರೂ ಒದ್ದೆಯಾಗಿಯೇ ಇರಬಹುದು. ಇನ್ನೊಂದು ಮಾತು, ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಒದ್ದೆಯಿರುವಾಗ ಸ್ವಲ್ಪ ಹೆಚ್ಚಾಯಿತು ಎನಿಸುವಷ್ಟು ಗಾಢವಾಗಿಯೇ ಹಾಕಿ.

ಈ ಎರಡು ಬಣ್ಣಗಳಲ್ಲಿ ಅದೇ ಕುಡಿಕೆಯನ್ನು ಬರೆದು ನೋಡಿದ ಮೇಲೆ ಉಳಿದ ಮೂರು ಟ್ಯೂಬುಗಳನ್ನು ತೆರೆಯಿರಿ. ಆಗ ಒಂದು ನಿಂಬೆಹಣ್ಣು, ಎರಡು ಬದನೆಕಾಯಿ, ಒಂದು ವೀಳ್ಯದೆಲೆ, ಅಡುಗೆಮನೆಯಲ್ಲಿ ಸಿಗುವ ಎಲ್ಲವೂ ವಿಷಯವಾಗುತ್ತದೆ. ಮೊಬೈಲಿನ ಫೋಟೊ ನೋಡಿ ಚೌಕಳಿ ಹಾಕಿ ನಕಲು ಮಾಡುವುದನ್ನು ಸದ್ಯಕ್ಕೆ ದೂರವಿಡಿ ಎಂಬುದು ನನ್ನ ಸಲಹೆ. ಚಿತ್ರ ಚೆನ್ನಾಗಿಯೇ ಬರುತ್ತದೆ, ಮನೆಯವರೂ ಮೆಚ್ಚುತ್ತಾರೆ. ಆದರೆ ಆಕಾರವನ್ನು ಸಮತಟ್ಟು ಮಾಡುವ ಕೆಲಸವನ್ನು ಕ್ಯಾಮೆರಾ ಆಗಲೇ ಮುಗಿಸಿಕೊಟ್ಟಿರುವುದರಿಂದ ನಿಮ್ಮ ಕಣ್ಣು ಕಲಿಯಬೇಕಾದುದನ್ನು ಕಲಿಯುವುದಿಲ್ಲ.

ನಡುವೆ ಒಮ್ಮೆ ಮೂಲ ಚಿತ್ರಗಳ ಎದುರು ನಿಂತುಬನ್ನಿ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಸಂಗ್ರಹದಲ್ಲಿ ಅಂಗೈಯಿಂದ ದೀಪವನ್ನು ಮರೆಮಾಡಿ ನಿಂತ ಮಹಿಳೆಯ ಚಿತ್ರವಿದೆ. ಅನೇಕರು ಅದನ್ನು ರಾಜಾ ರವಿವರ್ಮನ ತೈಲವರ್ಣವೆಂದು ತಿಳಿದಿದ್ದಾರೆ, ಅದು ಎಸ್.ಎಲ್. ಹಲ್ದಂಕರ್ ಅವರ ಜಲವರ್ಣ. ನೀವು ಮೇಜಿನ ಮೇಲೆ ಹರಡಿಕೊಂಡಿರುವ ನೀರು, ಬಣ್ಣ, ಕಾಗದಗಳಿಂದಲೇ ಅಷ್ಟು ಗಾಢವಾದ ಕತ್ತಲೆಯನ್ನೂ ಬೆರಳುಗಳ ನಡುವಿನ ಕೆಂಪನ್ನೂ ತರಲು ಸಾಧ್ಯವೆಂಬುದನ್ನು ಅಚ್ಚಾದ ಕ್ಯಾಲೆಂಡರು ತೋರಿಸಲಾರದು. ಜನವರಿಯಲ್ಲಿ ಬೆಂಗಳೂರಿಗೆ ಬರುವಂತಿದ್ದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ಜಲವರ್ಣದವರನ್ನೇ ಹುಡುಕಿ, ಯಾವ ಕಾಗದ ಬಳಸುತ್ತೀರಿ ಎಂದು ಕೇಳಿ. ನಾನು ಕೇಳಿದವರಾರೂ ಹೇಳಲು ಬೇಸರಿಸಿದ್ದಿಲ್ಲ.

ಮಳೆಗಾಲದಲ್ಲಿ ಕಾಗದವನ್ನು ಗೋಡೆಗೆ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮೇಲಿನ ಅಟ್ಟದಲ್ಲಿಡಿ. ತೇವ ಹಿಡಿದ ಕಾಗದ ಬಣ್ಣವನ್ನು ಮಸಿ ಹೀರುವ ಕಾಗದದಂತೆ ಅಲ್ಲಲ್ಲಿ ಹೀರಿಬಿಡುತ್ತದೆ, ಬೂಷ್ಟೂ ಬರುತ್ತದೆ.

ತರಗತಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮೂರು ನಾಲ್ಕು ತಿಂಗಳು ಹೀಗೆ ಮಾಡಿದ ಮೇಲೆ, ನಿಮ್ಮ ಊರಿನ ಡ್ರಾಯಿಂಗ್ ಮೇಷ್ಟ್ರನ್ನೋ ಪರಿಚಯದ ಕಲಾವಿದರನ್ನೋ ಒಂದು ಭಾನುವಾರ ಕಂಡು, ಚೆನ್ನಾಗಿ ಬಂದವನ್ನಷ್ಟೇ ಅಲ್ಲ, ಹಾಳಾದ ಹಾಳೆಗಳನ್ನೂ ಅವರ ಮುಂದೆ ಹರಡಿ. ಆ ಹೊತ್ತಿಗೆ ಚಿತ್ರ ಬರುತ್ತಿಲ್ಲ ಎಂದು ದೂರುವ ಬದಲು, ಈ ನೆರಳಿನ ಅಂಚು ಇಲ್ಲಿ ಗಟ್ಟಿಯಾಗಿಬಿಡುತ್ತದೆ, ಏಕೆ ಎಂದು ಬೆರಳಿಟ್ಟು ಕೇಳುವುದು ನಿಮಗೆ ಸಾಧ್ಯವಾಗಿರುತ್ತದೆ. ಅವರೂ ಅದೇ ಹಾಳೆಯ ಮೇಲೆ ಬ್ರಷ್ ಹಿಡಿದು ತೋರಿಸಿಕೊಡಬಲ್ಲರು.