ಮದುವೆಯ ಗೌನು: ಮೈಕಟ್ಟಿಗೆ ಒಪ್ಪುವ ಆಕಾರ ಯಾವುದು?

ಪ್ರಶ್ನೆ: ಬರುವ ಜನವರಿಯಲ್ಲಿ ಚಿಕ್ಕಮಗಳೂರಿನ ಚರ್ಚಿನಲ್ಲಿ ನನ್ನ ಮದುವೆ ನಡೆಯಲಿದೆ. ನನ್ನ ಎತ್ತರ 5 ಅಡಿ 1 ಇಂಚು. ಭುಜ ಕಿರಿದು, ಸೊಂಟದ ಕೆಳಗೆ ಮೈ ಅಗಲ. ಮೀನಿನ ಬಾಲದ ಹಾಗಿರುವ ಮರ್‌ಮೇಯ್ಡ್ ಗೌನು ಹೊಲಿಸು ಎಂದು ಅಕ್ಕ ಹೇಳುತ್ತಾಳೆ. ಅಮ್ಮನಿಗೆ ತುಂಬು ನೆರಿಗೆಯ ಬಾಲ್ ಗೌನೇ ಆಗಬೇಕು. ಯಾವುದನ್ನು ಒಪ್ಪಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಎರಡನ್ನೂ ಬಿಟ್ಟು ಎ-ಲೈನ್ ಗೌನನ್ನು ಹೊಲಿಸಿಕೊಳ್ಳಿ ಎಂಬುದು ನನ್ನ ಸಲಹೆ. ಪ್ಯಾರಿಸ್ಸಿನ ವಿನ್ಯಾಸಗಾರ ಕ್ರಿಸ್ತಿಯಾನ್ ಡಿಯೋರ್ 1955ರಲ್ಲಿ ಈ ಹೆಸರನ್ನು ಪ್ರಚಾರಕ್ಕೆ ತಂದರು. ಇಂದಿನ ಮದುವೆಯ ಗೌನುಗಳಲ್ಲಿ ಇದು ಸೊಂಟದವರೆಗೆ ಮೈಗೆ ಹೊಂದಿಕೊಂಡು, ಅಲ್ಲಿಂದ ಕೆಳಕ್ಕೆ ನಿಧಾನವಾಗಿ ಅಗಲವಾಗುತ್ತದೆ. ಹೀಗಾಗಿ ಬಟ್ಟೆ ಸೊಂಟದ ಕೆಳಗಿನ ಅಗಲವನ್ನು ಬಿಗಿಯುವುದೂ ಇಲ್ಲ, ಅದಕ್ಕೆ ಗಾತ್ರ ಸೇರಿಸುವುದೂ ಇಲ್ಲ.

ಮರ್‌ಮೇಯ್ಡ್ ಗೌನು ಮೊಣಕಾಲಿನ ಆಸುಪಾಸಿನವರೆಗೆ ಬಿಗಿಯಾಗಿರುತ್ತದೆ. ನಿಮ್ಮ ಮೈಕಟ್ಟಿಗೆ ಅದು ಒಪ್ಪುವುದೇ ಇಲ್ಲ ಎಂದು ನಾನು ಹೇಳಲಾರೆ, ಆದರೆ ಪೂಜೆಯ ನಡುವೆ ಮೊಣಕಾಲೂರಿ ಏಳಬೇಕಾದವರಿಗೆ, ಮೆಟ್ಟಿಲು ಹತ್ತಬೇಕಾದವರಿಗೆ ಅದು ಶಿಕ್ಷೆ. ಅಮ್ಮ ಹೇಳುವ ಬಾಲ್ ಗೌನು ಅಗಲವನ್ನು ಮುಚ್ಚುವುದು ನಿಜ. ಆದರೆ ಅದರ ನೆರಿಗೆಯೆಲ್ಲ ಸೊಂಟದಲ್ಲೇ ಕೂಡುವುದರಿಂದ ಎತ್ತರ ಕಡಿಮೆ ಇರುವವರು ಇನ್ನಷ್ಟು ಗಿಡ್ಡವಾಗಿ ಕಾಣುತ್ತಾರೆ. ಅಮ್ಮ ಪಟ್ಟು ಬಿಡದಿದ್ದರೆ ಸುರುಕು ನೆರಿಗೆಯ ಬದಲು ಚಪ್ಪಟೆ ಮಡಿಕೆ ಹಾಕಿಸಿ, ಒಳಗಿನ ಕ್ಯಾನ್‌ಕ್ಯಾನ್ (ಉಬ್ಬು ಕೊಡುವ ಗಡುಸು ಬಲೆಬಟ್ಟೆ) ಪದರಗಳನ್ನು ಕಡಿಮೆ ಮಾಡಿಸಿ.

ಆಕಾರದ ಹೆಸರಿಗಿಂತ ಹೊಲಿಗೆಯ ಗೆರೆ ಎಲ್ಲಿ ಬೀಳುತ್ತದೆ ಎಂಬುದೇ ಹೆಚ್ಚು ಮುಖ್ಯ. ಸೊಂಟದ ಹೊಲಿಗೆಯನ್ನು ನಿಮ್ಮ ಸಹಜ ಸೊಂಟಕ್ಕಿಂತ ಅರ್ಧ ಇಂಚಿನಿಂದ ಒಂದು ಇಂಚಿನಷ್ಟು ಮೇಲಕ್ಕೆ ಇರಿಸಿದರೆ ಕಾಲು ಉದ್ದವಾಗಿ ಕಾಣುತ್ತದೆ. ಭುಜದಿಂದ ಎದೆಯ ಮೇಲೆ ಹಾದು ಕೆಳಗಿಳಿಯುವ ಪ್ರಿನ್ಸೆಸ್ ಕಟ್ ಹೊಲಿಗೆಯೂ ಅದೇ ಕೆಲಸ ಮಾಡುತ್ತದೆ. ಭುಜ ಕಿರಿದಾಗಿರುವುದರಿಂದ ಭುಜದಿಂದ ಭುಜಕ್ಕೆ ಅಗಲವಾಗಿ ಹರಡುವ ಬೋಟ್ ನೆಕ್ ಕೊರಳು ಅಥವಾ ಸಣ್ಣ ಬುಗ್ಗೆ ತೋಳು ಮೇಲ್ಭಾಗಕ್ಕೆ ತೂಕ ತಂದು, ಕೆಳಗಿನ ಅಗಲಕ್ಕೆ ಸಮತೋಲ ಕೊಡುತ್ತದೆ. ಹೊಳೆಯುವ ತೆಳು ಸ್ಯಾಟಿನ್ ಬೆಳಕಿನಲ್ಲಿ ಪ್ರತಿ ಉಬ್ಬನ್ನೂ ಎತ್ತಿ ತೋರಿಸುತ್ತದೆ. ಹೊಳಪು ಕಡಿಮೆಯಿರುವ ದಪ್ಪ ಕ್ರೇಪ್ ಮೇಲು. ಜನವರಿಯ ಬೆಳಗಿನ ಚಳಿಯಲ್ಲಿ ಅದರ ತೂಕ ಹೊರೆಯಾಗದು.

ಟ್ರಯಲ್‌ಗೆ ಹೋಗುವಾಗ ಮದುವೆಯ ದಿನ ತೊಡುವ ಚಪ್ಪಲಿಯನ್ನೂ ಒಳಉಡುಪನ್ನೂ ತೊಟ್ಟೇ ಹೋಗಬೇಕು, ಇಲ್ಲವಾದರೆ ಅಂಚಿನ ಉದ್ದವೂ ಎದೆಯ ಅಳತೆಯೂ ತಪ್ಪುತ್ತವೆ. ಅಲ್ಲೇ ಕುಳಿತು, ಮೊಣಕಾಲೂರಿ, ಕೈ ಮೇಲೆತ್ತಿ ನೋಡಿ. ಮದುವೆಯ ಓಡಾಟದಲ್ಲಿ ಮೈ ಇಳಿಯುವುದೂ ಏರುವುದೂ ಉಂಟು. ಆದ್ದರಿಂದ ಪಕ್ಕದ ಹೊಲಿಗೆಗಳ ಒಳಗೆ ಒಂದೊಂದು ಇಂಚು ಬಟ್ಟೆ ಬಿಡುವಂತೆ ಟೈಲರ್‌ಗೆ ಮೊದಲೇ ಹೇಳಿ.

ಪ್ರಶ್ನೆ: ನಾನು ಎತ್ತರ, ತೀರಾ ತೆಳ್ಳಗೆ. ಆರತಕ್ಷತೆಗೆ ಲೆಹೆಂಗಾ ಹೊಲಿಸುತ್ತಿದ್ದೇನೆ. ಮೈ ತುಂಬಿದಂತೆ ಕಾಣಲು ಏನು ಮಾಡಬೇಕು?
– ಓದುಗರು, ಹಾಸನ

ಉತ್ತರ: ಮೇಲಿನ ಓದುಗರಿಗೆ ಬೇಡವೆಂದದ್ದೆಲ್ಲ ನಿಮಗೆ ಬೇಕು. ಹೆಚ್ಚು ಕಲಿಗಳಿರುವ (ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಬಟ್ಟೆಯ ಪಟ್ಟಿಗಳಿರುವ) ಲೆಹೆಂಗಾ, ರಾ ಸಿಲ್ಕಿನಂತಹ ಗಡುಸು ಬಟ್ಟೆ, ಒಳಗೆ ಕ್ಯಾನ್‌ಕ್ಯಾನ್ ಇರಲಿ; ಕೆಳಗಿನ ಅಗಲವಾದ ಅಂಚು ಅಡ್ಡಗೆರೆಯಾಗಿ ಎತ್ತರವನ್ನು ಹದಗೊಳಿಸುತ್ತದೆ. ಕುಪ್ಪಸವನ್ನು ತೀರಾ ಗಿಡ್ಡವಾಗಿಸಿದರೆ ನಡುವೇ ಉದ್ದವಾಗಿ ಎದ್ದು ಕಾಣುವುದರಿಂದ ಅದನ್ನು ಸೊಂಟದ ಹತ್ತಿರದವರೆಗೆ ಇಳಿಸಿ. ದುಪಟ್ಟಾವನ್ನು ಒಂದೇ ಭುಜಕ್ಕೆ ಅಗಲವಾಗಿ ಹರಡಿ ಪಿನ್ನು ಹಾಕಿದರೆ ಸಾಕು.